‘ದಾರಿ’ಯ ಕಾಂಜಿ: ಮಿಚಿ, ದೋ, ತೋ – ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿ ಭಾಷೆ ಕಲಿಯುವವರು, ಕರಾಟೆ–ಜೂಡೊ ತರಗತಿಗೆ ಹೋಗುವವರು, ಜಪಾನಿಗೆ ಪ್ರವಾಸ ಹೊರಟವರು 道 ಎಂಬ ಈ ಒಂದು ಕಾಂಜಿಯ (ಜಪಾನಿ ಬರಹದಲ್ಲಿ ಬಳಸುವ ಚೀನೀ ಮೂಲದ ಅಕ್ಷರ) ಬಗ್ಗೆ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇವೆ. ಸುಲಭದವು ಮೊದಲು, ಬಿಗಿಯಾದವು ಆಮೇಲೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಈ ಅಕ್ಷರದ ಅರ್ಥ ಒಂದೇ ಮಾತಲ್ಲಿ ಹೇಳಿ. ದಾರಿ ಅಂತಲೋ, ಧರ್ಮ ಅಂತಲೋ?

ದಾರಿ. ಕಾಲಿಟ್ಟು ನಡೆಯುವ ದಾರಿ. ಜಪಾನಿನ ಮಕ್ಕಳು ಎರಡನೇ ತರಗತಿಯಲ್ಲೇ ಇದನ್ನು ಕಲಿಯುತ್ತಾರೆ, ಆಗ ಅವರಿಗೆ ಇದು ಶಾಲೆಗೆ ಹೋಗುವ ರಸ್ತೆ, ಅಷ್ಟೇ. ಈ ಅರ್ಥದಿಂದಲೇ ಉಳಿದವು ಹುಟ್ಟಿವೆ: ಒಂದು ವಿದ್ಯೆಯನ್ನು ಬದುಕಿಡೀ ಅಭ್ಯಾಸ ಮಾಡುವ ಕ್ರಮ (ಜೂದೋ, ಕುಂಚದ ಬರವಣಿಗೆಯಾದ ಶೋದೋ), ನ್ಯಾಯ ಮತ್ತು ತರ್ಕ (ದೋರಿ), ನೀತಿ (ದೋತೊಕು), ಆಡಳಿತದ ಪ್ರಾಂತ (ಹೊಕ್ಕೈದೋ). ಎಲ್ಲ ಕಡೆಯೂ ಆಧ್ಯಾತ್ಮ ಹುಡುಕಲು ಹೋಗಬೇಡಿ. ನಲ್ಲಿ ನೀರಿನ ವ್ಯವಸ್ಥೆಗೆ ಜಪಾನಿಯಲ್ಲಿ ‘ಸುಯಿದೋ’ ಎನ್ನುತ್ತಾರೆ, ಅಕ್ಷರಶಃ ನೀರಿನ ದಾರಿ. ಅಲ್ಲಿರುವುದೂ ಇದೇ ‘ದೋ’.

ಮೊಬೈಲಲ್ಲಿ ಇದನ್ನ ಟೈಪ್ ಮಾಡೋದು ಹೇಗೆ? ‘ಡೊ’ ಅಂತ ಹೊಡೆದರೆ ಬೇರೆ ಏನೇನೋ ಬರುತ್ತೆ.

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಜಪಾನಿ ಕೀಬೋರ್ಡ್ ಸೇರಿಸಿ, ಅದರಲ್ಲಿ ರೋಮಾಜಿ ವಿನ್ಯಾಸ ಆರಿಸಿ. ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಎಂ, ಐ, ಸಿ, ಎಚ್, ಐ ಒತ್ತಿದರೆ ‘ಮಿಚಿ’ ಆಗುತ್ತದೆ, ಮೇಲಿನ ಸಾಲಿನಲ್ಲಿ ಈ ಕಾಂಜಿ ಸಾಮಾನ್ಯವಾಗಿ ಮೊದಲೇ ಬರುತ್ತದೆ. ‘ದೋ’ ಎಂದು ಹುಡುಕುವುದಾದರೆ ಡಿ, ಓ ಎರಡೇ ಒತ್ತಿದರೆ ಸಾಲದು, ಕೊನೆಗೆ ಯು ಕೂಡ ಬೇಕು. ಇದರ ಓದು ದೀರ್ಘ. ಯು ಬಿಟ್ಟರೆ ಕೀಬೋರ್ಡ್ ಅದನ್ನು ಹ್ರಸ್ವ ‘ದೊ’ ಎಂದು ತಿಳಿದು ‘ಮಣ್ಣು’, ‘ಡಿಗ್ರಿ’ ಮುಂತಾದ ಬೇರೆ ಅಕ್ಷರಗಳನ್ನು ಕೊಡುತ್ತದೆ.

ಸಿಕ್ಕಿದ್ದು ಸರಿಯಾದ ಅಕ್ಷರವೇ ಎಂದು ಖಾತ್ರಿ ಮಾಡಿಕೊಳ್ಳಲು ಯೂನಿಕೋಡ್ ಸಂಖ್ಯೆ 9053 ನೋಡಿ. ಇದರ ತದ್ರೂಪಿನಂತೆ ಕಾಣುವ ಇನ್ನೊಂದಿದೆ: ಇದೇ ಅಕ್ಷರದ ಕೆಳಗೆ ಚಿಕ್ಕದೊಂದು ಕೈ ಸೇರಿಸಿದ ‘ಮಿಚಿಬಿಕು’, ಅಂದರೆ ದಾರಿ ತೋರಿಸು. ಚಿಕ್ಕ ಅಕ್ಷರದಲ್ಲಿ ಓದುವಾಗ ಇವೆರಡು ಬೇಗ ಅದಲುಬದಲಾಗುತ್ತವೆ.

ಒಂದೇ ಅಕ್ಷರವನ್ನ ಮಿಚಿ, ದೋ, ತೋ ಅಂತ ಮೂರು ತರ ಓದ್ತಾರಲ್ಲ, ಯಾವಾಗ ಯಾವುದು?

ದಿನಬಳಕೆಗೆಂದು ಸರ್ಕಾರ ಗೊತ್ತುಮಾಡಿದ ಜೋಯೋ ಕಾಂಜಿ ಪಟ್ಟಿಯಲ್ಲಿ ಇದಕ್ಕೆ ಈ ಮೂರೇ ಓದುಗಳಿವೆ. ‘ಮಿಚಿ’ ಜಪಾನಿಯದೇ ಮಾತು, ಇದು ಕುನ್ ಓದು. ‘ದೋ’, ‘ತೋ’ ಚೀನಾದಿಂದ ಬೇರೆ ಬೇರೆ ಕಾಲದಲ್ಲಿ ಬಂದ ಉಚ್ಚಾರಗಳು, ಇವು ಓನ್ ಓದುಗಳು.

ಅಕ್ಷರ ಒಂಟಿಯಾಗಿ ನಿಂತಿದ್ದರೆ ಮಿಚಿ. ಇನ್ನೊಂದು ಕಾಂಜಿಯ ಜತೆ ಕೂಡಿದರೆ ಬಹುಪಾಲು ದೋ: ತೆತ್ಸುದೋ ಎಂದರೆ ರೈಲು, ಹೊದೋ ಎಂದರೆ ಫುಟ್‌ಪಾತ್, ದೋರೋ ಎಂದರೆ ರಸ್ತೆ. ಆದರೆ ಕತಾಮಿಚಿ (ಹೋಗುವ ದಾರಿ ಮಾತ್ರ), ಚಿಕಾಮಿಚಿ (ಹತ್ತಿರದ ದಾರಿ), ಸಕಾಮಿಚಿ (ಇಳಿಜಾರಿನ ದಾರಿ), ಯೊರಿಮಿಚಿ (ಮಧ್ಯೆ ಎಲ್ಲಾದರೂ ಹೊಕ್ಕು ಹೋಗುವುದು) ಇಂಥವು ನಿಯಮಕ್ಕೆ ಸಿಗುವುದಿಲ್ಲ, ಬಾಯಿಪಾಠವೇ ಗತಿ. ‘ತೋ’ ನಿಮಗೆ ಸಿಗುವುದು ಶಿಂತೋ (ಜಪಾನಿನ ಮೂಲ ಧರ್ಮ) ಎಂಬ ಒಂದೇ ಪದದಲ್ಲಿ ಎಂದುಕೊಂಡರೂ ನಡೆಯುತ್ತದೆ.

ಕನ್ನಡದಲ್ಲಿ ಬರೆಯುವಾಗ ಜೂಡೊ ಸರಿಯೋ, ಜೂದೋ ಸರಿಯೋ?

ಪತ್ರಿಕೆಗಳಲ್ಲಿ ‘ಜೂಡೊ’ ನೆಲೆಯಾಗಿದೆ, ಸುದ್ದಿಯಲ್ಲಿ ಹಾಗೇ ಬರೆಯಿರಿ. ಭಾಷೆ ಕಲಿಯುವ ನೋಟ್‌ಬುಕ್ಕಿನಲ್ಲಿ ಮಾತ್ರ ‘ದೋ’ ಎಂದೇ ಬರೆದುಕೊಳ್ಳಿ. ಜಪಾನಿಯ ದಕಾರ ನಮ್ಮ ‘ಡ’ಕ್ಕಿಂತ ‘ದ’ಕ್ಕೆ ಹತ್ತಿರ. ಜತೆಗೆ ಹ್ರಸ್ವ–ದೀರ್ಘ ‘ಒ’ಕಾರಗಳ ಭೇದ ಕನ್ನಡದ ಬರಹದಲ್ಲೂ ಇದೆ, ಜಪಾನಿಯಲ್ಲೂ ಇದೆ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಇಲ್ಲದ ಅನುಕೂಲ ಇದು, ಬಿಟ್ಟುಕೊಡಬೇಡಿ. ಭೇದ ಎಷ್ಟು ಮುಖ್ಯ ಅಂದರೆ, ‘ದೋಜೋ’ ಎಂದರೆ ಅಭ್ಯಾಸದ ಮನೆ, ‘ದೊಜೋ’ ಎಂದರೆ ಕೆಸರಿನಲ್ಲಿ ಬದುಕುವ ಒಂದು ಬಗೆಯ ಸಣ್ಣ ಮೀನು, ಇನ್ನೊಂದು ಕಾಂಜಿ ಜೋಡಿಯಲ್ಲಿ ಬರೆದರೆ ಹೊಲದ ಮಣ್ಣು.

## ರೂಪ ಮತ್ತು ಬರವಣಿಗೆ

ಇದರೊಳಗೆ ಕತ್ತರಿಸಿದ ತಲೆ ಇದೆ ಅಂತ ಎಲ್ಲೋ ಓದಿದೆ. ನಿಜವಾ?

ತಲೆ ಇರುವುದು ನಿಜ. ಕತ್ತರಿಸಿದ್ದೇ ಎಂಬುದು ಒಬ್ಬ ವಿದ್ವಾಂಸರ ವಾದ.

ಅಕ್ಷರದಲ್ಲಿ ಎರಡು ಭಾಗ. ಬಲಗಡೆ ಮೇಲೆ ಕೂತಿರುವುದು ತಲೆ. ಆಧುನಿಕ ಜಪಾನಿಯಲ್ಲಿ ಅದೇ ಭಾಗ ಒಂಟಿಯಾಗಿ ಬಂದರೆ ‘ಕುಬಿ’ ಎಂದು ಓದಿ ಕುತ್ತಿಗೆ ಎಂಬ ಅರ್ಥ ಹೇಳುತ್ತಾರೆ. ಪ್ರಧಾನಿಗೆ ಹೇಳುವ ‘ಶುಶೋ’, ರಾಜಧಾನಿಗೆ ಹೇಳುವ ‘ಶುತೊ’ ಪದಗಳಲ್ಲೂ ಮೊದಲಿಗೆ ಇದೇ ತಲೆ. ಎಡಗಡೆಯಿಂದ ಇಳಿದು ಕೆಳಗೆ ಉದ್ದಕ್ಕೆ ಚಾಚಿಕೊಂಡಿರುವ ಭಾಗಕ್ಕೆ ಶಿನ್ನ್ಯೋ ಎಂದು ಹೆಸರು. ಅದು ಹೆಜ್ಜೆ ಹಾಕುವುದರ ಗುರುತು. ಹೋಗು, ಬರು, ಹತ್ತಿರ, ದೂರ, ವೇಗ ಇಂಥ ಅರ್ಥದ ಎಷ್ಟೋ ಕಾಂಜಿಗಳಲ್ಲಿ ಕಾಣುತ್ತದೆ.

ಚೀನಾದ ಪಶ್ಚಿಮ ಝೌ ಕಾಲದ ಕಂಚಿನ ಪಾತ್ರೆಗಳ ಮೇಲಿನ ಬರಹದಲ್ಲಿ ಇದರ ಹಳೆಯ ರೂಪ ಸಿಗುತ್ತದೆ: ನಾಲ್ಕು ದಾರಿ ಕೂಡುವ ಚೌಕ, ಅದರ ನಡುವೆ ಒಂದು ತಲೆ, ಕೆಲವು ಕಡೆ ಕೆಳಗೊಂದು ಪಾದ. ಇದನ್ನು ಅರ್ಥ ಮಾಡುವಲ್ಲಿ ಮೂರು ಅಭಿಪ್ರಾಯಗಳಿವೆ. ಕ್ರಿ.ಶ. 100ರ ಸುಮಾರಿಗೆ ಚೀನಾದಲ್ಲಿ ಅಕ್ಷರಕೋಶ ಕಟ್ಟಿದ ಶೂ ಶೆನ್ ‘ನಡೆಯುವ ದಾರಿ, ಒಂದೇ ಕಡೆಗೆ ಮುಟ್ಟಿಸುವಂಥದ್ದು’ ಎಂದು ಬರೆದ. ಜಪಾನಿನ ಶಿರಕಾವಾ ಶಿಜುಕಾ (1910–2006), ಬೇರೆ ಬುಡಕಟ್ಟಿನವರ ನೆಲಕ್ಕೆ ಕಾಲಿಡುವಾಗ ಶತ್ರುವಿನ ತಲೆಯನ್ನು ಹಿಡಿದು ದಾರಿಯ ಕೆಡುಕನ್ನು ಕಳೆಯುತ್ತಾ ಹೋಗುವ ಆಚರಣೆ ಇದರಲ್ಲಿದೆ ಎಂದರು. ನೀವು ಓದಿದ್ದು ಅವರ ಮಾತೇ. ಮೂರನೆಯವರು ಭಾಷಾಶಾಸ್ತ್ರದವರು. ಹಳೆಯ ಚೀನೀ ಭಾಷೆಯಲ್ಲಿ ‘ತಲೆ’ ಮತ್ತು ‘ದಾರಿ’ ಎಂಬ ಎರಡು ಮಾತುಗಳ ಉಚ್ಚಾರ ಬಹಳ ಹತ್ತಿರವಿತ್ತು, ಹಾಗಾಗಿ ತಲೆ ಇಲ್ಲಿ ಕೂತಿರುವುದು ಧ್ವನಿ ತೋರಿಸಲು ಎನ್ನುತ್ತಾರೆ.

ನಮ್ಮ ಮಟ್ಟಿಗೆ ಮೂರನೆಯದು ಹೆಚ್ಚು ಗಟ್ಟಿ, ಏಕೆಂದರೆ ಕಾಂಜಿಗಳಲ್ಲಿ ಬಹುಪಾಲು ಹೀಗೆ ಒಂದು ಭಾಗ ಅರ್ಥಕ್ಕೆ, ಒಂದು ಭಾಗ ಧ್ವನಿಗೆ ಎಂಬ ರೀತಿಯಲ್ಲೇ ಹುಟ್ಟಿವೆ. ಶಿರಕಾವಾ ವಾದ ಜಪಾನಿನ ಓದುಗರಿಗೆ ಬಹಳ ಪ್ರಿಯ, ನೆನಪಿನಲ್ಲೂ ಉಳಿಯುತ್ತದೆ. ಆದರೆ ಪರೀಕ್ಷೆಯಲ್ಲೋ ಲೇಖನದಲ್ಲೋ ಬರೆಯುವಾಗ ‘ಎಂದು ಶಿರಕಾವಾ ಅವರ ಅಭಿಪ್ರಾಯ’ ಎಂದು ಸೇರಿಸಿ.

ಸ್ಟ್ರೋಕ್ ಆರ್ಡರ್ ಬಿಡಿಸಿ ಹೇಳಿ.

ಒಟ್ಟು 12 ಸ್ಟ್ರೋಕ್. ತಲೆಗೆ 9, ಶಿನ್ನ್ಯೋಗೆ 3. ತಲೆ ಮೊದಲು, ಶಿನ್ನ್ಯೋ ಕೊನೆಗೆ.

1. ಮೇಲೆ ಎಡಕ್ಕೆ ಒಂದು ಗಿಡ್ಡ ಓರೆ ಗೆರೆ, ಬಲಕ್ಕೆ ಇಳಿಯುವಂತೆ.
2. ಅದರ ಬಲಕ್ಕೆ ಇನ್ನೊಂದು, ಎಡಕ್ಕೆ ಇಳಿಯುವಂತೆ.
3. ಎರಡರ ಕೆಳಗೆ ಉದ್ದನೆಯ ಅಡ್ಡಗೆರೆ. ತಲೆಯ ಭಾಗದಲ್ಲಿ ಅತಿ ಅಗಲವಾದದ್ದು ಇದೇ.
4. ಅಡ್ಡಗೆರೆಯ ನಡುವಿನಿಂದ ಎಡಕ್ಕೆ ಇಳಿಯುವ ಚಿಕ್ಕ ಗೆರೆ.
5. ಪೆಟ್ಟಿಗೆಯ ಎಡಗೋಡೆ, ಮೇಲಿನಿಂದ ಕೆಳಕ್ಕೆ.
6. ಪೆಟ್ಟಿಗೆಯ ಮೇಲ್ಭಾಗ ಮತ್ತು ಬಲಗೋಡೆ, ಪೆನ್ನು ಎತ್ತದೆ ಒಂದೇ ಸ್ಟ್ರೋಕ್.
7. ಒಳಗೆ ಮೊದಲ ಅಡ್ಡಗೆರೆ.
8. ಒಳಗೆ ಎರಡನೆಯದು.
9. ಕೆಳಗೆ ಮುಚ್ಚುವ ಗೆರೆ.
10. ಎಡಗಡೆ ಮೇಲೆ ಚುಕ್ಕೆ.
11. ಚುಕ್ಕೆಯ ಕೆಳಗಿಂದ ಅಂಕುಡೊಂಕು ಗೆರೆ: ಸ್ವಲ್ಪ ಬಲಕ್ಕೆ ಹೋಗಿ, ಎಡಕ್ಕೆ ಬಾಗಿ, ಮತ್ತೆ ಸಣ್ಣಗೆ ಬಾಗಿ ಇಳಿಯಬೇಕು.
12. ಎಡ ಕೆಳಮೂಲೆಯಿಂದ ಬಲಕ್ಕೆ ಉದ್ದನೆಯ ಬೀಸು.

ಹನ್ನೊಂದನೆಯದರಲ್ಲಿ ಗೊಂದಲ ಜಾಸ್ತಿ. ಪುಸ್ತಕಗಳ ಮಿನ್‌ಚೋ ಫಾಂಟಿನಲ್ಲಿ ಅದು ಒಂದೇ ಬಾಗಿನದಾಗಿ ಕಾಣುತ್ತದೆ. ಕೈಬರಹದಲ್ಲಿ, ಶಾಲಾಪುಸ್ತಕದ ಫಾಂಟಿನಲ್ಲಿ ಎರಡು ಬಾಗು. ಕೈಯಲ್ಲಿ ಬರೆಯುವಾಗ ಶಾಲಾಪುಸ್ತಕದ ರೂಪವನ್ನೇ ಅನುಸರಿಸಿ. ಇನ್ನು ಕಾಗದದ ಕೋಶದಲ್ಲಿ ಹುಡುಕುವುದಾದರೆ, ಶಿನ್ನ್ಯೋ ವಿಭಾಗಕ್ಕೆ ಹೋಗಿ (ಕೋಶದಲ್ಲಿ ಕಾಂಜಿಗಳನ್ನು ವಿಂಗಡಿಸುವ ಮೂಲಭಾಗಗಳಾದ ಸಾಂಪ್ರದಾಯಿಕ 214 ಬುಶುಗಳಲ್ಲಿ 162ನೆಯದು), ಅದರಲ್ಲಿ ‘ಉಳಿದ 9 ಸ್ಟ್ರೋಕ್’ ಎಂಬಲ್ಲಿ ನೋಡಿ.

ಕುಂಚದಲ್ಲಿ ಬರೆದರೆ ತಲೆ ಜಾರಿ ಬಿದ್ದ ಹಾಗೆ ಕಾಣುತ್ತೆ. ಎಲ್ಲಿ ತಪ್ತಿದೆ?

ಹತ್ತಕ್ಕೆ ಒಂಬತ್ತು ಸಲ ತಪ್ಪು ಕೊನೆಯ ಬೀಸಿನಲ್ಲಿರುತ್ತದೆ. ಅದು ತಲೆಯ ಬಲ ಅಂಚನ್ನು ದಾಟಿ ಮುಂದೆ ಹೋಗಬೇಕು. ಮೊದಲೇ ನಿಂತರೆ ಮೇಲಿರುವ ಭಾರಕ್ಕೆ ಆಸರೆ ಸಿಗದೆ ಅಕ್ಷರ ಬಲಕ್ಕೆ ವಾಲುತ್ತದೆ.

ಶೋದೋ ಅಭ್ಯಾಸಕ್ಕೆ ಬಳಸುವ ಹನ್ಶಿ ಕಾಗದ ಸುಮಾರು 24 ಸೆಂ.ಮೀ. ಅಗಲ, 33 ಸೆಂ.ಮೀ. ಉದ್ದ ಇರುತ್ತದೆ. ಒಂದೇ ಅಕ್ಷರ ಬರೆಯುವುದಾದರೆ ಕಾಗದವನ್ನು ಮಡಚಿ ನಡುಗೆರೆ ಮೂಡಿಸಿಕೊಳ್ಳಿ. ತಲೆಯನ್ನು ಆ ನಡುಗೆರೆಗಿಂತ ಸ್ವಲ್ಪ ಬಲಕ್ಕೆ, ಮೇಲಕ್ಕೆ ಕೂರಿಸಿ. ನಡುವಿಗೇ ಕೂರಿಸಿದರೆ ಶಿನ್ನ್ಯೋಗೆ ಜಾಗ ಸಾಲದೆ ಚುಕ್ಕೆ ಅಡ್ಡಗೆರೆಗೆ ತಾಗುತ್ತದೆ. ಪೆಟ್ಟಿಗೆಯನ್ನು ಅಗಲ ಕಡಿಮೆ, ಎತ್ತರ ಜಾಸ್ತಿ ಮಾಡಿ. ಒಳಗಿನ ಎರಡು ಗೆರೆಗಳ ನಡುವೆ, ಮೇಲೆ, ಕೆಳಗೆ ಮೂರೂ ಸಂದುಗಳು ಒಂದೇ ಅಳತೆಯಲ್ಲಿರಲಿ. ಶಾಯಿ ತೀರಾ ನೀರಾಗಿದ್ದರೆ ಈ ಸಂದುಗಳೇ ಮೊದಲು ಮುಚ್ಚಿಹೋಗುವುದು. ಆದ್ದರಿಂದ ಒಂಬತ್ತನೇ ಸ್ಟ್ರೋಕ್‌ವರೆಗೆ ಕುಂಚವನ್ನು ಹೆಚ್ಚು ಅದ್ದಬೇಡಿ. ಶಿನ್ನ್ಯೋಗೆ ಮುಂಚೆ ಒಮ್ಮೆ ಅದ್ದಿ, ಶಾಯಿಕಲ್ಲಿನ ಅಂಚಿಗೆ ತೀಡಿ ತುದಿ ಕೂಡಿಸಿಕೊಳ್ಳಿ.

ಕೊನೆಯ ಬೀಸಿಗೆ ಮೂರು ಹಂತ. ತುದಿಯನ್ನು ಹಗುರವಾಗಿ ಇಟ್ಟು ಶುರು ಮಾಡಿ, ಸಾಗುತ್ತಾ ನಿಧಾನವಾಗಿ ಒತ್ತಡ ಹೆಚ್ಚಿಸಿ, ಬಲಗಡೆ ಅತಿ ದಪ್ಪವಾದ ಜಾಗದಲ್ಲಿ ಒಂದು ಕ್ಷಣ ನಿಲ್ಲಿಸಿ, ಅಲ್ಲಿಂದ ನೇರ ಬಲಕ್ಕೆ ಎಳೆಯುತ್ತಾ ಕುಂಚ ಎತ್ತಿ. ನಿಲ್ಲಿಸದೆ ಎಳೆದರೆ ತುದಿ ಹರಿದಂತೆ ಒಡೆಯುತ್ತದೆ. ಈ ಕೊನೆಯ ಎತ್ತುವಿಕೆಗೆ ‘ಹರಾಯಿ’ ಎನ್ನುತ್ತಾರೆ. ಕುಂಚದ ಹಿಡಿತವಿರುವವರ ಕೈಯಲ್ಲಿ ಈ ಒಂದು ಗೆರೆಯೇ ಇಡೀ ಅಕ್ಷರವನ್ನು ಹೊರುತ್ತದೆ, ಅದನ್ನು ನೋಡುವುದೇ ಒಂದು ಸಂತೋಷ.

ಕೆಲವು ಕಡೆ ಎಡಗಡೆ ಎರಡು ಚುಕ್ಕೆ ಇರುತ್ತೆ. ಯಾವುದು ಸರಿ?

ಈ ಅಕ್ಷರಕ್ಕೆ ಇಂದಿನ ಜಪಾನಿನಲ್ಲಿ ಒಂದೇ ಚುಕ್ಕೆ. ಎರಡು ಚುಕ್ಕೆ ಯುದ್ಧಪೂರ್ವದ ಮುದ್ರಣದ ರೂಪ, ಹಳೆಯ ಪುಸ್ತಕ ಮತ್ತು ಫಲಕಗಳಲ್ಲಿ ಸಿಗುತ್ತದೆ. 2010ರಲ್ಲಿ ಜೋಯೋ ಪಟ್ಟಿಯನ್ನು 2136 ಅಕ್ಷರಗಳಿಗೆ ಹಿಗ್ಗಿಸಿದಾಗ ‘ಒಗಟು’ ಎಂಬರ್ಥದ ‘ನಜೊ’ದಂಥ ಮೂರು ಅಕ್ಷರಗಳು ಎರಡು ಚುಕ್ಕೆಯ ಶಿನ್ನ್ಯೋ ಜತೆಗೇ ಒಳಗೆ ಬಂದವು. ಗೊಂದಲ ಅಲ್ಲಿಂದಲೂ ಹುಟ್ಟುತ್ತದೆ.

## ಊರು, ಬೋರ್ಡು, ಹೆಸರು

ಹೊಕ್ಕೈಡೊದ ‘ಡೊ’ಗೂ ಜೂಡೊದ ‘ಡೊ’ಗೂ ಏನಾದ್ರೂ ಸಂಬಂಧ ಇದೆಯಾ?

ಅಕ್ಷರ ಒಂದೇ. ಅರ್ಥ ಕವಲೊಡೆದದ್ದು ಬೇರೆ ಬೇರೆ ದಿಕ್ಕಿಗೆ. ಪ್ರಾಚೀನ ಜಪಾನಿನ ರಿತ್ಸುರ್‍ಯೋ ಆಡಳಿತದಲ್ಲಿ ರಾಜಧಾನಿಯ ಸುತ್ತಲಿನ ಐದು ಸೀಮೆಗಳನ್ನು ಬಿಟ್ಟು ಉಳಿದ ದೇಶವನ್ನು ಏಳು ‘ದೋ’ಗಳಾಗಿ ವಿಂಗಡಿಸಿದ್ದರು: ತೋಕೈದೋ, ತೋಸಾಂದೋ, ಹೊಕುರಿಕುದೋ, ಸಾನ್‌ಇಂದೋ, ಸಾನ್‌ಯೋದೋ, ನಾಂಕೈದೋ, ಸೈಕೈದೋ. ಒಂದು ಹೆದ್ದಾರಿ, ಆ ಹೆದ್ದಾರಿ ಹಾದುಹೋಗುವ ಸೀಮೆ, ಎರಡಕ್ಕೂ ಒಂದೇ ಹೆಸರು. ತೋಕೈದೋ ಎಂದರೆ ಪೂರ್ವ ಕಡಲಿನ ದಾರಿ. ಎಡೊ ಕಾಲದಲ್ಲಿ ಈ ಹೆಸರಿನ ಹೆದ್ದಾರಿ ಎಡೊದ (ಇಂದಿನ ತೋಕ್ಯೋ) ನಿಹೊಂಬಾಶಿಯಿಂದ ಕ್ಯೋತೊದ ಸಾಂಜೋ ಸೇತುವೆಯವರೆಗೆ ಸುಮಾರು 490 ಕಿ.ಮೀ. ಇತ್ತು, ನಡುವೆ 53 ತಂಗುದಾಣಗಳು. 1964ರ ಅಕ್ಟೋಬರ್ 1ರಂದು ಶುರುವಾದ ಮೊದಲ ಶಿಂಕಾನ್ಸೆನ್ (ಬುಲೆಟ್ ರೈಲು) ಮಾರ್ಗದ ಹೆಸರೂ ತೋಕೈದೋನೇ.

ಉತ್ತರದ ದ್ವೀಪಕ್ಕೆ ಮೊದಲು ಎಜೊ ಎನ್ನುತ್ತಿದ್ದರು. 1869ರಲ್ಲಿ ಮೇಜಿ ಸರ್ಕಾರ ಅದಕ್ಕೆ ಹೊಸ ಹೆಸರಿಡುವಾಗ ಅಲ್ಲಿ ವರ್ಷಗಟ್ಟಲೆ ತಿರುಗಾಡಿದ್ದ ಮತ್ಸುಉರಾ ತಕೇಶಿರೋ ಹಲವು ಹೆಸರು ಸೂಚಿಸಿದ. ಅವುಗಳಲ್ಲೊಂದು ‘ಹೊಕ್ಕೈದೋ’. ನಡುವಿನ ‘ಕೈ’ ಅಲ್ಲಿಯ ಮೂಲನಿವಾಸಿ ಐನು ಜನ ತಮ್ಮ ನೆಲಕ್ಕೆ, ತಮಗೆ ಹೇಳಿಕೊಳ್ಳುತ್ತಿದ್ದ ಮಾತಿನ ಛಾಯೆ ಎಂಬುದು ಅವನ ಎಣಿಕೆ. ಸರ್ಕಾರ ಧ್ವನಿಯನ್ನು ಉಳಿಸಿ, ತೋಕೈದೋ ಮಾದರಿಯಲ್ಲಿ ‘ಕಡಲು’ ಎಂಬ ಕಾಂಜಿ ಕೂರಿಸಿತು. ಐನುಗಳ ಸದ್ದು ಹೀಗೆ ಬರಹದಿಂದ ಮರೆಯಾಯಿತು. ಈ ಹೆಸರಿನ ಬಗ್ಗೆ ಮಾತಾಡುವಾಗ ಇದನ್ನು ಬಿಡಬಾರದು.

ಇಂದು ಜಪಾನಿನ 47 ಆಡಳಿತ ವಿಭಾಗಗಳಲ್ಲಿ ‘ದೋ’ ಇರುವುದು ಇದೊಂದೇ. ಅಲ್ಲಿಯವರು ‘ದೋಮಿನ್’, ಆ ನೆಲದೊಳಗೆ ಎನ್ನಲು ‘ದೋನೈ’. ಅಲ್ಲಿಯ ಪ್ರಾಂತೀಯ ರಸ್ತೆಗೆ ‘ದೋದೋ’, ಬೋರ್ಡಿನಲ್ಲಿ ಇದೇ ಕಾಂಜಿ ಎರಡು ಸಲ. ಮೊದಲನೆಯದು ಪ್ರಾಂತ, ಎರಡನೆಯದು ರಸ್ತೆ.

ಪ್ರವಾಸಕ್ಕೆ ಹೋದಾಗ ಎಲ್ಲೆಲ್ಲಿ ಕಣ್ಣಿಗೆ ಬೀಳುತ್ತೆ?

ಮ್ಯಾನ್‌ಹೋಲ್ ಮುಚ್ಚಳ ನೋಡಿ: ‘ಗೆಸುಯಿದೋ’, ಒಳಚರಂಡಿ. ರೈಲು ಕಂಪನಿಗಳ ಹೆಸರಿನಲ್ಲಿ ‘ತೆತ್ಸುದೋ’, ಕಬ್ಬಿಣದ ದಾರಿ. ಟಿಕೆಟ್ ಯಂತ್ರದಲ್ಲಿ ‘ಕತಾಮಿಚಿ’ ಒತ್ತಿದರೆ ಹೋಗುವುದಕ್ಕೆ ಮಾತ್ರ ಟಿಕೆಟ್ ಬರುತ್ತದೆ, ಹೋಗಿಬರುವುದಕ್ಕೆ ‘ಓಫುಕು’ ಬೇರೆ ಗುಂಡಿ. ತೋಕ್ಯೋದ ಒಮೊತೆಸಾಂದೋ ಮೇಜಿ ಮಂದಿರದ ಎದುರಿನ ಹಾದಿ. ‘ಸಾಂದೋ’ ಎಂದರೆ ದೇವಸ್ಥಾನಕ್ಕೆ ಸಾಗುವ ಹಾದಿ. ಹೆದ್ದಾರಿ ಬದಿಯ ‘ಮಿಚಿ ನೊ ಎಕಿ’ಗಳು 1993ರಲ್ಲಿ ಶುರುವಾದವು. ಪಾರ್ಕಿಂಗ್ ಮತ್ತು ಶೌಚಾಲಯ 24 ಗಂಟೆಯೂ ತೆರೆದಿರಬೇಕು ಎಂಬುದು ಅವಕ್ಕೆ ನಿಯಮ. ಸುತ್ತಲಿನ ರೈತರ ತರಕಾರಿಯೂ ಅಲ್ಲೇ ಸಿಗುತ್ತದೆ.

ಒಸಾಕಾದ ದೋತೊಂಬೊರಿಯಲ್ಲಿ ಮಾತ್ರ ದಾರಿ ಹುಡುಕಬೇಡಿ. 1615ರಲ್ಲಿ ಮುಗಿದ ಆ ಕಾಲುವೆಗೆ, ತೋಡಿಸಲು ಮುಂದಾದ ದೋತೊನ್ ಎಂಬಾತನ ಹೆಸರಿಟ್ಟರು.

ರಸ್ತೆಗೆ ಬೇರೆ ಕಾಂಜಿಗಳೂ ಇವೆಯಲ್ಲ, ವ್ಯತ್ಯಾಸ ಏನು?

‘ರೊ’ ಅಥವಾ ‘ಜಿ’ ಎಂದು ಓದುವ ಕಾಂಜಿ ಓಡಾಟದ ಮಾರ್ಗ, ಹಾಕಿದ ರಸ್ತೆ: ಸೆನ್‌ರೊ ಎಂದರೆ ಹಳಿ. ‘ತೊ’ ಎಂಬುದು ದಾರಿಯ ನಡುವೆ ಎಂಬ ಅರ್ಥದ್ದು: ತೊಚೂ ಎಂದರೆ ಅರ್ಧದಲ್ಲಿ. ‘ತೋರಿ’ ಊರೊಳಗಿನ ಬೀದಿ. ವಿದ್ಯೆ, ನೀತಿ, ಸಾಧನೆ ಎಂಬ ಅರ್ಥವನ್ನು ಹೊತ್ತದ್ದು ನಮ್ಮ ಅಕ್ಷರವೊಂದೇ.

ಮಿಚಿಕೊ ಅನ್ನೋ ಹೆಸರಲ್ಲಿರೋದು ಇದೇನಾ?

ಇರಬಹುದು, ಇಲ್ಲದಿರಬಹುದು. ಹಿಂದಿನ ಸಾಮ್ರಾಜ್ಞಿ ಮಿಚಿಕೊ ಅವರ ಹೆಸರಿನಲ್ಲಿ ‘ಸೌಂದರ್ಯ’, ‘ಜಾಣ್ಮೆ’, ‘ಮಗು’ ಎಂಬ ಮೂರು ಕಾಂಜಿಗಳಿವೆ, ದಾರಿ ಇಲ್ಲ. ಜಪಾನಿ ಹೆಸರನ್ನು ಕಿವಿಯಲ್ಲಿ ಕೇಳಿ ಅರ್ಥ ಹೇಳಲು ಬರುವುದಿಲ್ಲ, ಬರೆದದ್ದನ್ನೇ ನೋಡಬೇಕು. ದಾರಿಯ ಕಾಂಜಿ ಖಚಿತವಾಗಿ ಇರುವ ಹೆಸರುಗಳು ಬೇಕೆಂದರೆ ಹೆಯಾನ್ ಕಾಲದ ಪ್ರಬಲ ಮಂತ್ರಿ ಫುಜಿವಾರಾ ನೊ ಮಿಚಿನಾಗಾ, ಸೋತೋ ಝೆನ್ ಪಂಥವನ್ನು ಜಪಾನಿನಲ್ಲಿ ನೆಲೆಗೊಳಿಸಿದ ದೋಗೆನ್ (1200–1253), ಮತ್ತು ಸುಗವಾರಾ ನೊ ಮಿಚಿಜಾನೆ (845–903). ಮಿಚಿಜಾನೆ ಸತ್ತ ಮೇಲೆ ವಿದ್ಯೆಯ ದೇವರಾದ. ಪರೀಕ್ಷೆಯ ಕಾಲದಲ್ಲಿ ಜಪಾನಿನ ವಿದ್ಯಾರ್ಥಿಗಳು ಅವನ ಗುಡಿಗೆ ಹರಕೆ ಬರೆದ ಹಲಗೆ ಕಟ್ಟುತ್ತಾರೆ.

## ವಿದ್ಯೆಯಾಗಿ ‘ದೋ’

ಜುಜುತ್ಸು ಅನ್ನೋ ಹಳೆ ಕಾದಾಟದ ವಿದ್ಯೆ ಜೂಡೊ ಆದದ್ದು ಯಾಕೆ? ಬರೀ ಹೆಸರು ಬದಲಾವಣೆನಾ?

ಕಾನೋ ಜಿಗೊರೋ (1860–1938) ತೋಕ್ಯೋದ ಎಯಿಶೋಜಿ ದೇವಾಲಯದಲ್ಲಿ 12 ತತಾಮಿ ಚಾಪೆಗಳ ಜಾಗದಲ್ಲಿ 1882ರಲ್ಲಿ ತನ್ನ ಶಾಲೆ ತೆರೆದ. ಅದಕ್ಕಿಟ್ಟ ಹೆಸರು ‘ಕೋದೋಕಾನ್’, ದಾರಿಯನ್ನು ಕಲಿಸುವ ಮನೆ. ‘ಜುತ್ಸು’ ಎಂದರೆ ಕೈಚಳಕ, ತಂತ್ರ. ಕಾನೋಗೆ ಬೇಕಿದ್ದದ್ದು ತಂತ್ರದ ಮೂಲಕ ಮೈ, ಮನಸ್ಸು, ನಡತೆ ಮೂರನ್ನೂ ತಿದ್ದುವ ಶಿಕ್ಷಣ. ಅವನು ಶಿಕ್ಷಣಾಧಿಕಾರಿಯೂ ಆಗಿದ್ದ ಎಂಬುದನ್ನು ಮರೆಯಬಾರದು. ಹೆಸರಿನ ಜತೆ ಪಟ್ಟುಗಳೂ ಬದಲಾದವು: ಅಪಾಯದ ಹೊಡೆತಗಳನ್ನು ಮುಕ್ತ ಅಭ್ಯಾಸದಿಂದ ತೆಗೆದು ಕಾತಾಗಳಲ್ಲಿ (ಮೊದಲೇ ಗೊತ್ತಾದ ಪಟ್ಟುಗಳ ಸರಣಿ) ಮಾತ್ರ ಉಳಿಸಿದ, ಬೀಳುವುದನ್ನು ಮೊದಲ ಪಾಠ ಮಾಡಿದ. ಪೂರ್ತಿ ಬಲ ಹಾಕಿ ಅಭ್ಯಾಸ ಮಾಡಿದರೂ ಎದುರಿನವನು ಮರುದಿನ ಮತ್ತೆ ಬರುವಂತಾದದ್ದು ಇದರಿಂದ.

‘ಜೂದೋ’ ಪದವನ್ನು ಕಾನೋ ಹುಟ್ಟಿಸಲಿಲ್ಲ. ಜಿಕಿಶಿನ್ ಪಂಥದವರು ಅದಕ್ಕೂ ಮುಂಚೆ ಬಳಸುತ್ತಿದ್ದರು. ಆದರೆ ಅವನ ನಂತರ ಈ ಮಾದರಿ ಹರಡಿತು. ಕತ್ತಿವರಸೆಗೆ ‘ಕೆಂದೋ’ ಎಂಬ ಹೆಸರು 1919ರ ಹೊತ್ತಿಗೆ ಅಧಿಕೃತವಾಯಿತು. 1930ರ ದಶಕದಲ್ಲಿ ಕರಾತೆಯ ಮೊದಲ ಕಾಂಜಿ ‘ಚೀನಾ’ ಎಂಬುದರಿಂದ ‘ಬರಿದು’ ಎಂಬುದಕ್ಕೆ ಬದಲಾಗಿ ಹಿಂದೆಯೇ ‘ದೋ’ ಸೇರಿತು. ಆ ದಶಕಗಳ ರಾಷ್ಟ್ರೀಯತೆಯ ಗಾಳಿಯೂ ಇದರಲ್ಲಿದೆ. ಇಂದು ನಾವು ಪ್ರಾಚೀನವೆಂದು ಭಾವಿಸುವ ಹಲವು ‘ದೋ’ಗಳ ಹೆಸರು ನೂರು–ನೂರೈವತ್ತು ವರ್ಷದೊಳಗಿನವು.

ಚಹಾ ಕುಡಿಯೋದು ‘ದೋ’ ಹೇಗಾಗುತ್ತೆ?

ಕುಡಿಸುವುದಕ್ಕೂ ಕುಡಿಯುವುದಕ್ಕೂ ಗೊತ್ತಾದ ಕ್ರಮವಿದೆ, ಅದನ್ನು ವರ್ಷಗಟ್ಟಲೆ ಕಲಿಯಬೇಕು. ಅತಿಥಿಯ ಪಾಲಿನ ಒಂದು ತುಣುಕು ನೋಡಿ. ಊರಾಸೆಂಕೆ ಎಂಬ ಚಹಾ ಪಂಥದಲ್ಲಿ, ತೆಳು ಚಹಾ ಅಂದರೆ ಸುಮಾರು 2 ಗ್ರಾಂ ಮಾಚಾ ಪುಡಿಗೆ 60–70 ಮಿ.ಲೀ. ಬಿಸಿನೀರು. ಬಟ್ಟಲು ನಿಮ್ಮ ಮುಂದೆ ಬಂದಾಗ ಅದರ ಚಂದದ ಮುಖ ನಿಮ್ಮ ಕಡೆಗಿರುತ್ತದೆ. ಬಲಗೈಯಲ್ಲಿ ಎತ್ತಿ ಎಡ ಅಂಗೈ ಮೇಲೆ ಕೂರಿಸಿ, ಪ್ರದಕ್ಷಿಣೆಯಾಗಿ ಎರಡು ಸಲ ಸ್ವಲ್ಪ ಸ್ವಲ್ಪ ತಿರುಗಿಸಿ. ಆ ಮುಖಕ್ಕೆ ತುಟಿ ತಾಗಬಾರದು, ಅದಕ್ಕೆ. ಕುಡಿದು, ತುಟಿ ತಾಗಿದ ಅಂಚನ್ನು ಬೆರಳಿಂದ ಒರೆಸಿ, ಬೆರಳನ್ನು ಕಾಗದಕ್ಕೆ ಒರೆಸಿಕೊಂಡು, ಬಟ್ಟಲನ್ನು ಹಿಂದಕ್ಕೆ ತಿರುಗಿಸಿ ಕೆಳಗಿಡಿ. ಹೊಸಬರು ಎಡವುವುದು ಇಲ್ಲೇ, ತಿರುಗಿಸುವುದು ನೆನಪಿರುತ್ತದೆ, ಯಾಕೆಂಬುದು ಮರೆತು ಪೂರ್ತಿ ಒಂದು ಸುತ್ತು ತಿರುಗಿಸಿ ಮುಖವನ್ನು ಮತ್ತೆ ತುಟಿಯೆದುರಿಗೇ ತಂದುಕೊಳ್ಳುತ್ತಾರೆ.

ಈ ಚಹಾ ವಿದ್ಯೆಯ ಹೆಸರಾದ ‘ಸಾದೋ’ ಮತ್ತು ‘ಚಾದೋ’ ಎರಡೂ ಒಂದೇ ಕಾಂಜಿಗಳ ಓದು. ಊರಾಸೆಂಕೆಯವರು ಚಾದೋ ಎನ್ನುತ್ತಾರೆ, ಒಮೊತೆಸೆಂಕೆಯವರು ಸಾದೋ. ಇಬ್ಬರ ಪರಂಪರೆಯೂ ಚಹಾ ಗುರು ಸೆನ್ ನೊ ರಿಕ್ಯೂ (1522–1591) ವಂಶಕ್ಕೆ ಸೇರುತ್ತದೆ.

ಬುಶಿದೋ ಸಮುರಾಯಿಗಳ ಸಾವಿರ ವರ್ಷದ ಸಂಹಿತೆ ಅಂತಾರಲ್ಲ?

ಹಾಗೆ ಬರೆದಿಟ್ಟ ಒಂದೇ ಸಂಹಿತೆ ಇರಲಿಲ್ಲ. ಪದ ಎಡೊ ಕಾಲದ ಆರಂಭದ ಬರಹಗಳಲ್ಲಿ ಸಿಗುತ್ತದೆ. ಅದರ ಅರ್ಥ ಮನೆತನಕ್ಕೊಂದು, ಲೇಖಕನಿಗೊಂದು. ಜಗತ್ತಿಗೆ ಇಂದು ಗೊತ್ತಿರುವ ಚಿತ್ರ ಬಹುಪಾಲು 1900ರಲ್ಲಿ ನಿತೊಬೆ ಇನಾಜೋ ಇಂಗ್ಲಿಷಿನಲ್ಲಿ ಬರೆದ ಪುಸ್ತಕದಿಂದ ಬಂದದ್ದು.

## ಇನ್ನೂ ಆಳಕ್ಕೆ

ಚೀನಾದ ‘ತಾವೊ’ ಇದೇ ಅಕ್ಷರವಾ?

ಇದೇ. ಪ್ರಾಚೀನ ಚೀನಾದ ಚಿಂತಕ ಲಾವೊತ್ಸೆ ಹೆಸರಿನ ಪರಂಪರೆಗೆ ಜಪಾನಿಯಲ್ಲಿ ‘ದೋಕ್ಯೋ’ ಎನ್ನುತ್ತಾರೆ. ಚೀನೀ ಭಾಷೆಯಲ್ಲಿ ಇದಕ್ಕೆ ‘ಹೇಳು’ ಎಂಬ ಇನ್ನೊಂದು ಅರ್ಥವೂ ಇದೆ. ಜಪಾನಿಯಲ್ಲಿ ಆ ಅರ್ಥದ ಪಳೆಯುಳಿಕೆ ‘ಹೋದೋ’ ಎಂಬ ಪದದಲ್ಲಿ ಉಳಿದಿದೆ: ಸುದ್ದಿ ವರದಿ.

ಸಂಸ್ಕೃತಕ್ಕೂ ಇದಕ್ಕೂ ನಂಟಿದೆ ಅಂತಾರೆ, ಹೇಗೆ?

ಬೌದ್ಧ ಗ್ರಂಥಗಳು ಚೀನೀ ಭಾಷೆಗೆ ಅನುವಾದವಾದಾಗ ಈ ಒಂದು ಅಕ್ಷರ ಹಲವು ಸಂಸ್ಕೃತ ಮಾತುಗಳ ಭಾರ ಹೊತ್ತಿತು. ನಾವು ಶಾಲೆಯಲ್ಲಿ ಓದಿದ ಅಷ್ಟಾಂಗ ಮಾರ್ಗ ಜಪಾನಿಯಲ್ಲಿ ‘ಹಸ್ಶೋದೋ’, ಇಲ್ಲಿ ಇದು ಮಾರ್ಗ. ಸತ್ತವರು ಮತ್ತೆ ಹುಟ್ಟುವ ಆರು ಗತಿಗಳು ‘ರೊಕುದೋ’: ನರಕ, ಪ್ರೇತ, ಪಶು, ಅಸುರ, ಮನುಷ್ಯ, ದೇವ. ಇಲ್ಲಿ ಇದು ಗತಿ. ಜಪಾನಿನ ಸ್ಮಶಾನಗಳ ಬಾಗಿಲಲ್ಲಿ ಸಾಲಾಗಿ ನಿಂತ ಆರು ಜಿಜೋ ವಿಗ್ರಹಗಳು ಈ ಆರು ಗತಿಗಳಿಗೆ ಒಬ್ಬೊಬ್ಬರಂತೆ. ಜಿಜೋ ಎಂದರೆ ಕ್ಷಿತಿಗರ್ಭ ಬೋಧಿಸತ್ವ.

ಹೆಚ್ಚು ಬೆರಗು ಹುಟ್ಟಿಸುವುದು ‘ದೋಜೋ’. ಬೆಂಗಳೂರಿನ ಗಲ್ಲಿಯ ಕರಾಟೆ ಕ್ಲಾಸಿನ ಬೋರ್ಡಿನಲ್ಲೂ ಇರುವ ಈ ಪದ ಬೋಧಿಮಂಡ ಎಂಬ ಸಂಸ್ಕೃತ ಮಾತಿನ ಅನುವಾದ. ಬುದ್ಧ ಜ್ಞಾನ ಪಡೆದ ಜಾಗ, ಬೋಧಗಯೆಯ ಆ ಮರದ ಬುಡ. ಅಲ್ಲಿಂದ ಅದು ಧ್ಯಾನ ಮಾಡುವ ಮಠದ ಕೋಣೆಗೆ, ಆಮೇಲೆ ಕತ್ತಿವರಸೆಯ ಅಂಗಳಕ್ಕೆ ಇಳಿಯಿತು. ದೋಜೋ ಹೊಕ್ಕುವಾಗ ಬಾಗಿ ನಮಸ್ಕರಿಸುವ ರೂಢಿಗೆ ಇಷ್ಟು ಹಿಂದಿನ ಬೇರಿದೆ.

ಕೆಲವು ಪದಗಳು ಅರ್ಥ ತಲೆಕೆಳಗಾಗಿಸಿಕೊಂಡಿವೆ. ‘ಗೊಂಗೊದೋದಾನ್’ ಮಾತಿಗೆ ನಿಲುಕದ ಪರಮಸತ್ಯ ಎಂದಿತ್ತು, ಈಗ ಖಂಡನೀಯ ಕೃತ್ಯ. ‘ಗೊಕುದೋ’ ಧರ್ಮಮಾರ್ಗದ ತುದಿ ಮುಟ್ಟಿದವನಿಗೆ ಹೇಳುತ್ತಿದ್ದದ್ದು, ಈಗ ಯಕುಜಾ ರೌಡಿಗಳಿಗೆ. ‘ಗೆದೋ’ ಎಂದರೆ ಬೌದ್ಧೇತರ ಮತ, ಆಮೇಲೆ ದುಷ್ಟ. ಮೀನು ಹಿಡಿಯುವವರ ಬಾಯಲ್ಲಿ, ಬಯಸಿದ್ದು ಬಿಟ್ಟು ಗಾಳಕ್ಕೆ ಸಿಕ್ಕ ಬೇರೆ ಜಾತಿಯ ಮೀನು.

ಹಳ್ಳಿ ದಾರಿಯಲ್ಲಿ ಗಂಡ–ಹೆಂಡತಿ ಕೆತ್ತಿದ ಕಲ್ಲುಗಳಿರುತ್ತವೆ, ಅವು ಯಾವ ದೇವರು?

ದೋಸೊಜಿನ್. ಹೆಸರಿನ ಮೊದಲ ಕಾಂಜಿ ಇದೇ. ಊರ ಗಡಿ, ಕವಲುದಾರಿ, ಕಣಿವೆಯ ಬಾಯಿಯಲ್ಲಿ ನಿಲ್ಲಿಸುತ್ತಾರೆ. ಕೆಡುಕು, ರೋಗ ಊರೊಳಗೆ ಬಾರದಿರಲಿ, ದಾರಿಹೋಕರಿಗೆ ಕ್ಷೇಮವಾಗಲಿ, ಸಂತಾನವಾಗಲಿ ಎಂದು ಪೂಜೆ. ಕೈ ಹಿಡಿದು ನಿಂತ ಜೋಡಿಯ ಕಲ್ಲುಗಳನ್ನು ನೋಡಬೇಕೆಂದರೆ ನಾಗಾನೊ ಪ್ರಾಂತದ ಅಜುಮಿನೊಗೆ ಹೋಗಿ, ಅಲ್ಲಿ ಸೈಕಲ್ ಬಾಡಿಗೆಗೆ ಹಿಡಿದು ಗದ್ದೆ ಬದಿಯಲ್ಲೇ ಒಂದೊಂದಾಗಿ ನೋಡಬಹುದು.

ಗಾದೆ, ನುಡಿಗಟ್ಟು ಏನಾದರೂ ಇದೆಯಾ? ಜೆಎಲ್‌ಪಿಟಿ (ಜಪಾನಿ ಭಾಷಾ ಪರೀಕ್ಷೆ) ಗೆ ಓದ್ತಿದ್ದೀನಿ.

‘ಮಿಚಿಕುಸಾ ಒ ಕುಉ’: ದಾರಿಬದಿಯ ಹುಲ್ಲು ಮೇಯುವುದು. ಕುದುರೆ ಹುಲ್ಲಿಗೆ ಬಾಯಿ ಹಾಕಿ ನಿಂತುಬಿಡುವಂತೆ, ಹೋದ ಕೆಲಸ ಬಿಟ್ಟು ನಡುದಾರಿಯಲ್ಲಿ ಕಾಲ ಕಳೆಯುವುದು. ‘ತಬಿ ವ ಮಿಚಿಜುರೆ, ಯೊ ವ ನಸಾಕೆ’: ಪಯಣಕ್ಕೆ ಜತೆಗಾರ, ಬಾಳಿಗೆ ಕರುಣೆ. ‘ಮಿಚಿ ನಾರನು ಕೊಯಿ’: ಸಮಾಜ ಒಪ್ಪದ ಪ್ರೇಮ. ‘ಶಿನ್ನ್ಯೋ ಒ ಕಕೆರು’: ಅಕ್ಷರಕ್ಕೆ ಶಿನ್ನ್ಯೋ ಸೇರಿಸುವುದು, ಅಂದರೆ ಇದ್ದದ್ದನ್ನು ಇನ್ನಷ್ಟು ದೊಡ್ಡದು ಮಾಡುವುದು. ಮೊದಲನೆಯದು ದಿನಬಳಕೆಯ ಮಾತು, ಅದನ್ನು ಗಟ್ಟಿ ಮಾಡಿಕೊಳ್ಳಿ.

ತೋಳಿನ ಮೇಲೆ ಇದನ್ನ ಟ್ಯಾಟೂ ಹಾಕಿಸಬೇಕು ಅಂತಿದ್ದೀನಿ. ಏನು ನೋಡಿಕೊಳ್ಳಬೇಕು?

ಮೊದಲು ಫಾಂಟ್. ಯೂನಿಕೋಡಿನಲ್ಲಿ ಚೀನೀ, ಜಪಾನಿ ರೂಪಗಳಿಗೆ ಒಂದೇ ಸಂಖ್ಯೆ. ಭಾಷೆ ಜಪಾನಿ ಎಂದು ಹೊಂದಿಸದ ಫೋನ್ ಚೀನೀ ವಿನ್ಯಾಸ ತೋರಿಸಬಹುದು, ಶಿನ್ನ್ಯೋದ ಬಾಗು ಬೇರೆಯಾಗುತ್ತದೆ. ಜಪಾನಿಯ ಶಾಲಾಪುಸ್ತಕದ ಫಾಂಟ್ ಇಲ್ಲವೇ ಶೋದೋ ಬಲ್ಲವರ ಕೈಬರಹವನ್ನೇ ಮೂಲವಾಗಿಟ್ಟುಕೊಳ್ಳಿ.

ಎರಡನೆಯದು ಅಳತೆ. ಪೆಟ್ಟಿಗೆಯೊಳಗಿನ ಮೂರು ಸಂದುಗಳು ಕಿರಿದಾಗಿದ್ದರೆ ವರ್ಷಗಳು ಕಳೆದಂತೆ ಚರ್ಮದೊಳಗೆ ಶಾಯಿ ಹರಡಿ ಕಪ್ಪು ಮುದ್ದೆಯಾಗುತ್ತದೆ. ಮೂರೂ ಸಂದುಗಳು ದೂರದಿಂದಲೇ ಬಿಡಿಬಿಡಿಯಾಗಿ ಕಾಣುವಷ್ಟು ದೊಡ್ಡದಾಗಿ ಹಾಕಿಸಿ. ಸ್ಟೆನ್ಸಿಲ್ ಅಂಟಿಸಿದ ಮೇಲೆ ಕನ್ನಡಿಯಲ್ಲಿ ನೋಡಿ ತೀರ್ಮಾನಿಸಬೇಡಿ, ಅಲ್ಲಿ ಅಕ್ಷರ ಎಡಬಲವಾಗುತ್ತದೆ. ಫೋನಿನ ಹಿಂಬದಿ ಕ್ಯಾಮೆರಾದಲ್ಲಿ ಫೋಟೊ ತೆಗೆಸಿ. ಚುಕ್ಕೆ ಮತ್ತು ಉದ್ದ ಬೀಸಿನ ಶುರು ಎರಡೂ ಎಡಗಡೆ ಇರಬೇಕು. ಹನ್ನೆರಡು ಸ್ಟ್ರೋಕ್ ಎಣಿಸಿ.

ಮೂರನೆಯದು, ಜಪಾನಿನ ಹಲವು ಆನ್ಸೆನ್ (ಬಿಸಿನೀರಿನ ಬುಗ್ಗೆಯ ಸ್ನಾನಗೃಹ), ಈಜುಕೊಳಗಳಲ್ಲಿ ಟ್ಯಾಟೂ ಇರುವವರಿಗೆ ಪ್ರವೇಶವಿಲ್ಲ, ಅದು ಎಷ್ಟೇ ಒಳ್ಳೆಯ ಅರ್ಥದ ಅಕ್ಷರವಾಗಿರಲಿ. ಕೆಲವು ಕಡೆ ಚಿಕ್ಕದಾದರೆ ಚರ್ಮದ ಬಣ್ಣದ ಪಟ್ಟಿ ಅಂಟಿಸಿಕೊಂಡು ಒಳಗೆ ಹೋಗಬಹುದು, ಕೋಣೆ ಕಾಯ್ದಿರಿಸುವ ಮೊದಲೇ ಕೇಳಿಕೊಳ್ಳಿ.